ಭದ್ರತಾ ಶಿಕ್ಷಣ: ಫೀಸು ಕಟ್ಟುವ ಮೊದಲು



ಮಳೆಗೆ ಮುಂಚಿನ ಸಿಂಪಡಣೆಗೆಂದು ಮೈಲುತುತ್ತು ಒಯ್ಯಲು ಬಂದ ನಮ್ಮ ಸದಸ್ಯರೊಬ್ಬರು, ಬಿಲ್ಲು ಬರೆಸಿಯಾದ ಮೇಲೂ ಹೊರಡದೆ ಕುಳಿತಿದ್ದರು. ಜೊತೆಗೆ ಈ ವರ್ಷ ದ್ವಿತೀಯ ಪಿ.ಯು.ಸಿ. ಮುಗಿಸಿದ ಮಗಳು. ಸ್ವಲ್ಪ ಹೊತ್ತಿನ ನಂತರ ಚೀಲದಿಂದ ಬಣ್ಣಬಣ್ಣದ ಒಂದು ಜಾಹೀರಾತು ಪತ್ರವನ್ನು ತೆಗೆದು ಮೇಜಿನ ಮೇಲಿಟ್ಟು, "ಅಣ್ಣ, ತೋಟದ ಮೇಲೆ ಸಾಲ ಸಿಗಬಹುದಾ?" ಎಂದು ಕೇಳಿದರು.

ಪತ್ರದಲ್ಲಿದ್ದುದು ದೂರದ ನಗರವೊಂದರ ಖಾಸಗಿ ಸಂಸ್ಥೆಯ 'ಹೋಮ್‌ಲ್ಯಾಂಡ್ ಸೆಕ್ಯೂರಿಟಿ' ಶಿಕ್ಷಣ. ಮೂರು ವರ್ಷ, ವರ್ಷಕ್ಕೆ ಫೀಸು 1 ಲಕ್ಷ 80 ಸಾವಿರ, ಹಾಸ್ಟೆಲು 80 ಸಾವಿರ. ಕೂಡಿಸಿದರೆ 7 ಲಕ್ಷ 80 ಸಾವಿರ. ಕೆಳಗೆ ದಪ್ಪಕ್ಷರದಲ್ಲಿ 'ಉದ್ಯೋಗ ಖಚಿತ'. ಎರಡೆಕ್ರೆ ಅಡಿಕೆಯವರಿಗೆ ಇದು ಎಷ್ಟು ದೊಡ್ಡ ಮೊತ್ತವೆಂದು ನಾನು ವಿವರಿಸಬೇಕಾಗಿಲ್ಲ.

ಹುಡುಗಿಯ ಆಸೆ ಸರಳವಾದದ್ದು: ಯೂನಿಫಾರ್ಮು ಹಾಕಬೇಕು. ಆಸೆಯಲ್ಲಿ ತಪ್ಪಿಲ್ಲ. ಆದರೆ ಬೀಜದಡಿಕೆಗೆ ತಾಯಿಮರವನ್ನು ನೋಡದೆ ಗೊನೆ ಇಳಿಸದ ನಾವು, ಮಕ್ಕಳ ಕಾಲೇಜನ್ನು ಮಾತ್ರ ಬಣ್ಣದ ಕಾಗದ ನೋಡಿ ಆರಿಸುತ್ತೇವೆ. ಆದ್ದರಿಂದ ಅಂದು ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಸಂಗತಿ. 'ಹೋಮ್‌ಲ್ಯಾಂಡ್ ಸೆಕ್ಯೂರಿಟಿ' ಎಂಬುದು ಅಮೆರಿಕದಿಂದ ಬಂದ ಮಾತು. 2001ರ ಸೆಪ್ಟೆಂಬರ್ ದಾಳಿಯ ನಂತರ ಅಲ್ಲಿ ಆ ಹೆಸರಿನ ಸರ್ಕಾರಿ ಇಲಾಖೆಯೇ ಹುಟ್ಟಿಕೊಂಡಿತು. ಕಾಲೇಜುಗಳು ಅದೇ ಹೆಸರಿನಲ್ಲಿ ಪದವಿಗಳನ್ನು ತೆರೆದವು. ನಮ್ಮಲ್ಲಿ ಈ ಕೆಲಸವೆಲ್ಲ ಗೃಹ ಮಂತ್ರಾಲಯ, ಕೇಂದ್ರ ಪಡೆಗಳು ಹಾಗೂ ರಾಜ್ಯ ಪೊಲೀಸರದ್ದು. ಪಣಂಬೂರಿನ ಬಂದರಿನಲ್ಲಿ, ಬಜ್ಪೆಯ ವಿಮಾನ ನಿಲ್ದಾಣದಲ್ಲಿ ಕಾವಲಿರುವ ಸಿ.ಐ.ಎಸ್.ಎಫ್. ಜವಾನರನ್ನು ನೀವು ನೋಡಿಯೇ ಇದ್ದೀರಿ. ಮಲ್ಪೆಯಲ್ಲಿ ಕರಾವಳಿ ಕಾವಲು ಪೊಲೀಸರ ಕೇಂದ್ರವಿದೆ.

ಈ ಕೆಲಸಗಳಿಗೆ ಯಾವ ವಿದ್ಯಾರ್ಹತೆ ಕೇಳುತ್ತಾರೆ? ಜಾಹೀರಾತು ಪತ್ರ ಹೇಳದೆ ಬಿಟ್ಟದ್ದು ಇದನ್ನೇ. ಕೇಂದ್ರ ಪಡೆಗಳ ಅಸಿಸ್ಟೆಂಟ್ ಕಮಾಂಡೆಂಟ್ ಹುದ್ದೆಗೆ ಯು.ಪಿ.ಎಸ್.ಸಿ. ಕೇಳುವುದು ಅಂಗೀಕೃತ ವಿಶ್ವವಿದ್ಯಾನಿಲಯದ ಯಾವುದಾದರೊಂದು ಪದವಿ. ಸಾಮಾನ್ಯ ವರ್ಗದವರಿಗೆ ವಯಸ್ಸು 20ರಿಂದ 25ರ ಒಳಗೆ. ನಮ್ಮ ರಾಜ್ಯದ ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಹುದ್ದೆಗೂ ಯಾವುದೇ ಪದವಿ ಸಾಕು. ಕೇಂದ್ರ ಪಡೆಗಳ ಕಾನ್‌ಸ್ಟೇಬಲ್ ಹುದ್ದೆಗೆ ಹತ್ತನೆಯ ತರಗತಿ ಪಾಸಾಗಿದ್ದರಾಯಿತು, ಮತ್ತು 2024ರಿಂದ ಆ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು. ಇದು ನಮ್ಮ ಎಷ್ಟೋ ಸದಸ್ಯರಿಗೆ ಇನ್ನೂ ತಿಳಿದಂತಿಲ್ಲ. ಭದ್ರತೆಯ ವಿಷಯದಲ್ಲೇ ಪದವಿಯಾಗಬೇಕೆಂದು ಇವರಲ್ಲಿ ಯಾರೂ ಕೇಳುವುದಿಲ್ಲ.

ಪದವಿಗಿಂತ ಮೊದಲು ಎಡವಿಸುವುದು ದೇಹದ ಅಳತೆ. ಅಸಿಸ್ಟೆಂಟ್ ಕಮಾಂಡೆಂಟ್ ಆಗಲು ಪುರುಷರಿಗೆ 165, ಸ್ತ್ರೀಯರಿಗೆ 157 ಸೆಂಟಿಮೀಟರ್ ಎತ್ತರ ಬೇಕು. ಕಣ್ಣಿನ ಪರೀಕ್ಷೆ ಕಟ್ಟುನಿಟ್ಟಿನದು. ಹುಡುಗಿಯನ್ನು ಕಛೇರಿಯ ಗೋಡೆಗೆ ನಿಲ್ಲಿಸಿ ಟೇಪು ಹಿಡಿದೆವು, 159 ಬಂತು. ತಂದೆಯ ಮುಖದಲ್ಲಿ ಅಂದು ಕಂಡ ಮೊದಲ ನಗು ಅದು. ಎಂಟು ಲಕ್ಷ ಖರ್ಚು ಮಾಡಿದ ಮೇಲೆ ಎರಡು ಸೆಂಟಿಮೀಟರ್ ಕಡಿಮೆಯೆಂದು ತಿಳಿಯುವುದಕ್ಕಿಂತ ಇದು ಅಗ್ಗದ ಪರೀಕ್ಷೆ.

ಈ ವಿಷಯವನ್ನೇ ಓದಬೇಕೆಂಬ ಹಟವಿದ್ದವರಿಗೆ ಒಳ್ಳೆಯ ಸ್ಥಳಗಳಿಲ್ಲವೆಂದಲ್ಲ. ಗುಜರಾತಿನ ಗಾಂಧಿನಗರದಲ್ಲಿ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾನಿಲಯ ಮತ್ತು ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾನಿಲಯಗಳಿವೆ. ಎರಡೂ 2020ರಲ್ಲಿ ಸಂಸತ್ತಿನ ಕಾನೂನಿನಿಂದ ಸ್ಥಾಪನೆಯಾದವು, ಗೃಹ ಮಂತ್ರಾಲಯಕ್ಕೆ ಸೇರಿದವು. ಮೊದಲನೆಯದರ ಕ್ಯಾಂಪಸ್ ಶಿವಮೊಗ್ಗದಲ್ಲಿದೆ, ಎರಡನೆಯದರದು ಧಾರವಾಡದಲ್ಲಿ. ಅಪರಾಧಶಾಸ್ತ್ರಕ್ಕೆ ಮಂಗಳೂರಿನ ರೋಶನಿ ನಿಲಯವಿದೆ. ಪ್ರಯೋಗಶಾಲೆಯ ಕೆಲಸ, ಸೈಬರ್ ಅಪರಾಧದ ತನಿಖೆ ಇಂಥವುಗಳಲ್ಲಿ ಮನಸ್ಸಿದ್ದರೆ ವಿಶೇಷ ಪದವಿಗೆ ಅರ್ಥವಿದೆ, ಅದಕ್ಕೆ ಬಿ.ಎಸ್‌ಸಿ. ಅಥವಾ ಬಿ.ಸಿ.ಎ.ಯನ್ನು ಊರಿನಲ್ಲಿ ಮುಗಿಸಿ, ಸ್ನಾತಕೋತ್ತರಕ್ಕೆ ಹೊರಗೆ ಹೋಗುವುದು ಖರ್ಚಿನ ದೃಷ್ಟಿಯಿಂದ ಲೇಸು. ಬರೀ ಯೂನಿಫಾರ್ಮಿಗಾದರೆ ಮೂಡುಬಿದಿರೆಯ ಶ್ರೀ ಧವಲಾ, ಕಾರ್ಕಳದ ಶ್ರೀ ಭುವನೇಂದ್ರ ಕಾಲೇಜುಗಳು ನಮ್ಮ ಬೆಳುವಾಯಿಯ ಬಸ್ಸಿನ ದಾರಿಯಲ್ಲೇ ಇವೆ. ಬಂಟ್ವಾಳ, ಬೆಳ್ತಂಗಡಿಯವರಿಗೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು. ಸೇರುವಾಗ ಎನ್.ಸಿ.ಸಿ. ಇದೆಯೇ ಎಂದು ಕೇಳಿ. 'ಸಿ' ಸರ್ಟಿಫಿಕೇಟ್ ಇದ್ದರೆ ಕೇಂದ್ರದ ಕಾನ್‌ಸ್ಟೇಬಲ್ ಪರೀಕ್ಷೆಯಲ್ಲಿ ಒಟ್ಟು ಅಂಕದ ಶೇಕಡಾ 5ರಷ್ಟು ಹೆಚ್ಚುವರಿ ಸಿಗುತ್ತದೆ.

ಜಾಹೀರಾತಿನ ಸಂಸ್ಥೆಗೆ ನಾನೇ ಫೋನು ಮಾಡಿದೆ. "ಪದವಿ ಕೊಡುವ ವಿಶ್ವವಿದ್ಯಾನಿಲಯ ಯಾವುದು?" ಎಂದರೆ "ಇಂಟರ್‌ನ್ಯಾಷನಲ್ ಬೋರ್ಡು ಸಾರ್" ಎಂಬ ಉತ್ತರ. 1956ರ ಯು.ಜಿ.ಸಿ. ಕಾಯಿದೆಯಂತೆ ಪದವಿ ಕೊಡುವ ಹಕ್ಕಿರುವುದು ಶಾಸನದಿಂದ ಸ್ಥಾಪಿತವಾದ ವಿಶ್ವವಿದ್ಯಾನಿಲಯಗಳಿಗೆ, ಕೇಂದ್ರ ಸರ್ಕಾರ ಘೋಷಿಸಿದ ಡೀಮ್ಡ್ ಸಂಸ್ಥೆಗಳಿಗೆ ಮತ್ತು ಸಂಸತ್ತು ಅಧಿಕಾರವಿತ್ತ ಸಂಸ್ಥೆಗಳಿಗೆ ಮಾತ್ರ. ಬೋರ್ಡಿನ ಕಾಗದ ಹಿಡಿದುಕೊಂಡು ಹೋದರೆ ಅರ್ಜಿಯೇ ತಿರಸ್ಕೃತವಾದೀತು. 'ಖಚಿತ ಉದ್ಯೋಗ' ಯಾವುದೆಂದು ಒತ್ತಿ ಕೇಳಿದಾಗ, ಖಾಸಗಿ ಕಂಪನಿಯಲ್ಲಿ ಸೆಕ್ಯೂರಿಟಿ ಎಂದರು. 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯಿದೆಯ ಮೇಲೆ ಕೇಂದ್ರ ರೂಪಿಸಿದ ಮಾದರಿ ನಿಯಮಗಳಲ್ಲಿ ಗಾರ್ಡ್ ಆಗುವವನಿಗೆ ಹೇಳಿರುವುದು 160 ಗಂಟೆಗಳ ತರಬೇತಿ. ಅದಕ್ಕೆ ಮೂರು ವರ್ಷವೇಕೆ, ಎಂಟು ಲಕ್ಷವೇಕೆ?

ಹಣ ಕೊಟ್ಟರೆ ಹುದ್ದೆಯನ್ನೇ ಕೊಡಿಸುತ್ತೇವೆನ್ನುವ ದಲ್ಲಾಳಿಗಳದ್ದು ಇನ್ನೊಂದು ಕಥೆ. 545 ಸಬ್ ಇನ್ಸ್‌ಪೆಕ್ಟರ್ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆ ಅಕ್ರಮದಿಂದಾಗಿ 2022ರಲ್ಲಿ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ನ್ಯಾಯವಾಗಿ ಓದಿ ಬರೆದವರೂ ಅಷ್ಟು ಕಾಲ ಕಾಯಬೇಕಾಯಿತು.

ಸಾಲದ ವಿಚಾರ: ಅಂಗೀಕೃತ ಶಿಕ್ಷಣಕ್ಕೆ ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷದವರೆಗೆ ಅಡವು ಬೇಕಿಲ್ಲ, ಮರುಪಾವತಿ ಆರಂಭವಾಗುವುದು ಓದು ಮುಗಿದ ಒಂದು ವರ್ಷಕ್ಕೆ. ಬ್ಯಾಂಕು ಸಾಲ ಕೊಡಲು ಹಿಂಜರಿಯುವ ಸಂಸ್ಥೆಯಾದರೆ ನಾವೂ ಹಿಂಜರಿಯಬೇಕು. ತೋಟದ ಪಹಣಿಯನ್ನು ಅಡವಿಟ್ಟು ಹುಡುಗಿಯನ್ನು ಓದಿಸುವ ಪ್ರಮೇಯ ನಮ್ಮ ಸದಸ್ಯರಿಗೆ ಬರಲಿಲ್ಲ.

ಆಕೆ ಈಗ ಬಿ.ಕಾಂ.ಗೆ ಅರ್ಜಿ ಹಾಕಿದ್ದಾಳೆ, ಬೆಳಗ್ಗೆ ಶಾಲೆಯ ಮೈದಾನದಲ್ಲಿ ಓಡುತ್ತಿದ್ದಾಳೆ. ಸ್ತ್ರೀಯರಿಗೆ 800 ಮೀಟರನ್ನು 4 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಬೇಕೆಂಬ ನಿಯಮವಿದೆ. ಅವಳಿಗಿನ್ನೂ ಐದು ನಿಮಿಷ ದಾಟುತ್ತದೆ. ಗಡಿಯಾರ ಹಿಡಿದು ನಿಲ್ಲುವವರು ತಂದೆಯೇ.

ಆ ಜಾಹೀರಾತು ಪತ್ರ ನನ್ನ ಮೇಜಿನ ಡ್ರಾಯರಿನಲ್ಲಿದೆ. ಅಂಥದೇ ಪತ್ರ ಬಂದ ಸದಸ್ಯರು ಫೀಸು ಕಟ್ಟುವ ಮೊದಲು ಅದನ್ನೂ ಹಿಡಿದುಕೊಂಡು, ಭಾನುವಾರವೊಂದನ್ನು ಬಿಟ್ಟು ಯಾವ ದಿನವಾದರೂ ಕಛೇರಿಗೆ ಬರಬಹುದು.

— ಕಾರ್ಯದರ್ಶಿ