ಹಕ್ಕುರಕ್ಷಕರ ಲಕ್ಷಣವೂ ಆಯೋಗಗಳ ಶಿಕ್ಷಣವೂ

ಕನ್ನಡದಲ್ಲಿ ಮಾನವ ಹಕ್ಕುಗಳ ಆಯೋಗವೆಂದು ಕರೆಯಲ್ಪಡುವ ಸಂಸ್ಥೆಗೆ ಹಿಂದಿಯಲ್ಲಿ ಮಾನವ ಅಧಿಕಾರ ಆಯೋಗವೆಂದು ಹೆಸರು. ಕನ್ನಡಿಗರಿಗೆ ಅಧಿಕಾರವೆಂದರೆ ಆಳುವವರ ಬಲ. ಹಕ್ಕೆಂಬುದು ಅರಬ್ಬೀ ಮೂಲದಿಂದ ಬಂದು ನಮ್ಮದಾದ ಮಾತು. ಮೀಮಾಂಸಕರಾದರೋ ಕರ್ಮಫಲಕ್ಕೆ ಸ್ವಾಮಿಯಾಗುವ ಯೋಗ್ಯತೆಯನ್ನು ಅಧಿಕಾರವೆನ್ನುವರು. ಜೈಮಿನಿಸೂತ್ರಗಳ ಆರನೆಯ ಅಧ್ಯಾಯವು ಇದನ್ನೇ ವಿಚಾರಿಸಿ, ವೈದಿಕ ಕರ್ಮದಲ್ಲಿ ಶೂದ್ರರನ್ನು ಹೊರಗಿಟ್ಟಿತು. 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆಯು ಅಂಗೀಕರಿಸಿದ ಘೋಷಣೆಯು ಮನುಷ್ಯಮಾತ್ರರಾದ ಯಾರನ್ನೂ ಹೊರಗಿಡಲಿಲ್ಲ. ಇಂತಹ ಹಕ್ಕಿಗಾಗಿ ಹೋರಾಡುವವರನ್ನು ಕಾಯುವವರು ಯಾರು ಎಂಬುದೇ ಇಲ್ಲಿಯ ವಿಚಾರ.

ಈ ಹೋರಾಟಗಾರರ ವಿಷಯವಾಗಿ ಅದೇ ಸಂಸ್ಥೆಯು 1998ರ ಡಿಸೆಂಬರ್ 9ರಂದು ಪ್ರತ್ಯೇಕ ಘೋಷಣೆಯನ್ನು ಅಂಗೀಕರಿಸಿತು. ಒಬ್ಬಂಟಿಯಾಗಿಯೂ ಇತರರೊಡಗೂಡಿಯೂ ಹಕ್ಕುಗಳಿಗಾಗಿ ಯತ್ನಿಸುವ ಸ್ವಾತಂತ್ರ್ಯವು ಎಲ್ಲರಿಗೂ ಉಂಟೆಂದು ಅದರ ಮೊದಲನೆಯ ವಿಧಿಯ ತಾತ್ಪರ್ಯ. ನೈಯಾಯಿಕರ ರೀತಿಯಿಂದ ಇದನ್ನು ಪರೀಕ್ಷಿಸೋಣ. ನೋಂದಾಯಿತ ಸಂಘದ ಸದಸ್ಯನೇ ಹಕ್ಕುರಕ್ಷಕನೆಂದರೆ, ಭೂದಾಖಲೆಯ ನಕಲನ್ನು ಒಬ್ಬನೇ ಕೇಳಿ ಬೆದರಿಕೆಗೆ ಗುರಿಯಾದ ರೈತನು ಬಿಟ್ಟುಹೋಗುವನು, ಇದು ಅವ್ಯಾಪ್ತಿ. ಸರಕಾರವನ್ನು ವಿರೋಧಿಸುವವರೆಲ್ಲರೂ ಹಕ್ಕುರಕ್ಷಕರೆಂದರೆ, ಹಿಂಸೆಗೆ ಇಳಿದವರೂ ಸೇರುವರು, ಇದು ಅತಿವ್ಯಾಪ್ತಿ. ಆದುದರಿಂದ ಶಾಂತಮಾರ್ಗದಿಂದ ಹಕ್ಕುಗಳಿಗಾಗಿ ಮಾಡತಕ್ಕ ಕಾರ್ಯವೇ ಲಕ್ಷಣವಲ್ಲದೆ ಪದವಿಯಲ್ಲ. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ತಮ್ಮ ಮನೆಯ ಮುಂದೆ ಹತರಾದ ಗೌರಿ ಲಂಕೇಶರು ವೃತ್ತಿಯಿಂದ ಪತ್ರಿಕಾ ಸಂಪಾದಕರು, ಕಾರ್ಯದಿಂದ ಹಕ್ಕುರಕ್ಷಕರು.

ನಮ್ಮ ದೇಶದಲ್ಲಿ ಇಂತಹವರ ಮೊರೆಯನ್ನು ಕೇಳತಕ್ಕ ರಾಷ್ಟ್ರೀಯ ಆಯೋಗವು 1993ರಲ್ಲಿ ಸ್ಥಾಪಿತವಾಯಿತು. ಕರ್ನಾಟಕದ ಆಯೋಗವು 2007ರಲ್ಲಿ ಕಾರ್ಯವನ್ನಾರಂಭಿಸಿತು. 1993ರ ಅಧಿನಿಯಮದ 12ನೆಯ ಪ್ರಕರಣದಂತೆ, ದೂರು ಬಾರದಿದ್ದರೂ ಆಯೋಗವು ತಾನಾಗಿಯೇ ವಿಚಾರಣೆ ನಡೆಸಬಹುದು. ಹಕ್ಕಿನ ಭಂಗವನ್ನು ಮಾತ್ರವೇ ಅಲ್ಲ, ಅದನ್ನು ತಡೆಯುವುದರಲ್ಲಿ ಸರಕಾರಿ ನೌಕರನು ತೋರಿದ ಉಪೇಕ್ಷೆಯನ್ನೂ ವಿಚಾರಿಸಬಹುದು. ಬೆದರಿಕೆ ಬಂದಾಗಲೇ ಎಚ್ಚರಗೊಳ್ಳಲು ಈ ಮಾತೇ ಆಧಾರ. ಆದರೆ ಘಟನೆಯಾಗಿ ಒಂದು ವರ್ಷ ಕಳೆದ ಮೇಲೆ ವಿಚಾರಣೆಗೆ ಅವಕಾಶವಿಲ್ಲವೆಂದು 36ನೆಯ ಪ್ರಕರಣವು ವಿಧಿಸುತ್ತದೆ. ವಿಚಾರಣೆಯ ಕೊನೆಗೆ 18ನೆಯ ಪ್ರಕರಣವು ಹೇಳುವುದು ಶಿಫಾರಸನ್ನೇ.

ಶಿಕ್ಷಣದ ಅಗತ್ಯವು ಇಲ್ಲಿಯೇ ಕಾಣುವುದು. ಆಯೋಗದ ತನಿಖೆಯ ಸಿಬ್ಬಂದಿಯಲ್ಲಿ ಪೊಲೀಸರೂ ಇರುವರು; ದೂರು ಹಲವು ವೇಳೆ ಪೊಲೀಸರ ಮೇಲೆಯೇ ಇರುವುದು. ಹಾಗಿರಲು ಮೂರು ಪಾಠಗಳು ಆವಶ್ಯಕ: ಕಾರ್ಯವನ್ನು ನೋಡಿ ಹಕ್ಕುರಕ್ಷಕನನ್ನು ಗುರುತಿಸುವುದು, ಬೆದರಿಕೆಯ ದೂರನ್ನು ಉಳಿದ ಕಡತಗಳ ಸಾಲಿನಲ್ಲಿ ಕಾಯಿಸದೆ ಆ ದಿನವೇ ಓದುವುದು, ದೂರುದಾರನ ಹೆಸರು ಆಪಾದಿತನ ಕೈಗೆ ಸಿಕ್ಕಿ ಹೊಸ ಅಪಾಯವಾಗದಂತೆ ನೋಡಿಕೊಳ್ಳುವುದು. ಏಷ್ಯಾ ಪೆಸಿಫಿಕ್ ಪ್ರದೇಶದ ಆಯೋಗಗಳು 1996ರಲ್ಲಿ ಕಟ್ಟಿಕೊಂಡ ವೇದಿಕೆಯು ತನ್ನ ಸದಸ್ಯ ಸಂಸ್ಥೆಗಳ ಸಿಬ್ಬಂದಿಗೆ ಶಿಕ್ಷಣ ಕೊಡುತ್ತಲಿದೆ. 2018ರ ಅಕ್ಟೋಬರಿನಲ್ಲಿ ಮರಾಕೇಶ್ ನಗರದಲ್ಲಿ ಸೇರಿದ ನಾನಾ ದೇಶಗಳ ಆಯೋಗಗಳು ಹಕ್ಕುರಕ್ಷಕರ ರಕ್ಷಣೆಯು ತಮ್ಮ ಹೊಣೆಯೆಂದು ಘೋಷಿಸಿದವು.

ಇದಕ್ಕಾಗಿ ನಾವು ದೂರ ಹೋಗಬೇಕಾದುದಿಲ್ಲ. ರಾಜ್ಯದ ಆಡಳಿತ ತರಬೇತಿ ಸಂಸ್ಥೆಯೂ ಕರ್ನಾಟಕ ಪೊಲೀಸ್ ಅಕಾಡೆಮಿಯೂ ನಮ್ಮ ಮೈಸೂರಿನಲ್ಲಿಯೇ ಇವೆ. ನಾಳೆ ಠಾಣೆಯಲ್ಲಿಯೋ ತಾಲ್ಲೂಕು ಕಚೇರಿಯಲ್ಲಿಯೋ ಮೊದಲ ದೂರನ್ನು ಕೈಗೆ ತೆಗೆದುಕೊಳ್ಳತಕ್ಕವರು ಇಲ್ಲಿ ಕಲಿತವರೇ. ಆಯೋಗದವರನ್ನೂ ಇವರನ್ನೂ ಒಂದೇ ಪಾಠಕ್ಕೆ ಕೂಡಿಸಿದರೆ, ಶಿಫಾರಸು ಹೊರಡುವುದಕ್ಕೆ ಮೊದಲೇ ಒಂದು ಜೀವವು ಉಳಿದೀತು. ಅಧಿಕಾರವುಳ್ಳವರು ಪರರ ಅಧಿಕಾರವನ್ನು ಗುರುತಿಸಲು ಕಲಿಯುವುದೇ ಈ ಶಿಕ್ಷಣದ ಫಲವೆಂದು ನಮ್ಮ ಅಭಿಪ್ರಾಯ.