ಕೂಟಗಲ್ ಯಾವ ಜಿಲ್ಲೆ?

ಕೂಟಗಲ್ ಹೋಬಳಿಯ ಹಳ್ಳಿಗಳು ಕೂತ ಜಾಗ ಬಿಟ್ಟು ಕದಲದೆ ನಾಲ್ಕು ಜಿಲ್ಲೆ ಕಂಡಿವೆ. 1981ರ ಜನಗಣತಿಯಲ್ಲಿ ಅವು ಬೆಂಗಳೂರು ಜಿಲ್ಲೆಯವು. 1986ರಲ್ಲಿ ಜಿಲ್ಲೆ ಒಡೆದಾಗ ಬೆಂಗಳೂರು ಗ್ರಾಮಾಂತರಕ್ಕೆ, 2007ರಲ್ಲಿ ರಾಮನಗರಕ್ಕೆ ಸೇರಿದವು. 2025ರ ಮೇ ತಿಂಗಳಲ್ಲಿ ಸಚಿವ ಸಂಪುಟ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಟ್ಟಿತು.

ಊರವರಿಗೆ ಬದಲಾದದ್ದು ಬೋರ್ಡು ಮತ್ತು ಅರ್ಜಿಯ ವಿಳಾಸ. ಹಳೆಯ, ಹೊಸ ಸಮೀಕ್ಷೆಗಳನ್ನು ಒಂದೇ ಕಡತಕ್ಕೆ ತರುವವರಿಗೆ ಮಾತ್ರ ಇದು ತಲೆನೋವು. ‘ಬೆಂಗಳೂರು ದಕ್ಷಿಣ’ ಎಂಬ ತಾಲ್ಲೂಕು ಬೆಂಗಳೂರು ನಗರ ಜಿಲ್ಲೆಯಲ್ಲಿ ಮೊದಲಿನಿಂದಲೂ ಇದೆ. ಅದೇ ಹೆಸರಿನ ಲೋಕಸಭಾ ಕ್ಷೇತ್ರವೂ ಇದೆ. ಬರೀ ಹೆಸರು ನೋಡಿ ಜೋಡಿಸಿದರೆ ಕೂಟಗಲ್‌ನ ರೈತ ಆ ತಾಲ್ಲೂಕಿನ ಕೆಂಗೇರಿಯವನಾಗಿಬಿಡುತ್ತಾನೆ. ಕನಕಪುರದಿಂದ ಬೇರೆಯಾದ ಹಾರೋಹಳ್ಳಿ ತಾಲ್ಲೂಕಿನದೂ ಇಂಥದೇ ಗೋಜಲು.

ಹೋರಾಟಗಾರರನ್ನು ಕುರಿತ ಸಮೀಕ್ಷೆಯಲ್ಲಿ ಗೋಜಲು ಇನ್ನೂ ಹೆಚ್ಚು. ಬಿಡದಿಯನ್ನೇ ನೋಡಿ. 2020ರ ನವೆಂಬರ್‌ನಿಂದ ತಿಂಗಳುಗಟ್ಟಲೆ ಟೊಯೊಟಾ ಕಾರ್ಖಾನೆಯ ಕಾರ್ಮಿಕರು ಮುಷ್ಕರ ಹೂಡಿದ್ದರು. 2025ರಲ್ಲಿ ಟೌನ್‌ಶಿಪ್‌ಗೆ ಭೂಮಿ ಕೊಡುವುದಿಲ್ಲವೆಂದು ಬೈರಮಂಗಲ, ಕಂಚುಗಾರನಹಳ್ಳಿ ಭಾಗದ ರೈತರು ಬೀದಿಗಿಳಿದರು. ಎರಡೂ ಕಡೆ ಸಂಶೋಧಕರು ಪ್ರಶ್ನಾವಳಿ ಹಿಡಿದು ಹೋದರು ಎಂದುಕೊಳ್ಳೋಣ. ಒಂದರಲ್ಲಿ ‘ನಿಮ್ಮ ಉದ್ಯೋಗ’ ಎಂದಿದೆ, ಇನ್ನೊಂದರಲ್ಲಿ ‘ಕುಟುಂಬದ ಮುಖ್ಯ ಆದಾಯ’. ಹಿಪ್ಪುನೇರಳೆ ಬೆಳೆಯುವ ಮನೆಯಿಂದ ಶಿಫ್ಟಿಗೆ ಹೋಗುವ ಹುಡುಗ ಮೊದಲನೆಯದರಲ್ಲಿ ಕಾರ್ಮಿಕ, ಎರಡನೆಯದರಲ್ಲಿ ರೈತ; ಒಂದೇ ಗುರುತಿನ ಸಂಖ್ಯೆ ಇಲ್ಲದಿದ್ದರೆ ಇಬ್ಬರಾಗಿ ಎಣಿಕೆಗೆ ಬರುತ್ತಾನೆ. ವಯಸ್ಸು ಹೇಳದವರಿಗೆ 99 ಎಂಬ ಕೋಡ್ ಹಾಕಿದ್ದನ್ನು ತೆಗೆಯದೆ ಸರಾಸರಿ ಹಿಡಿದರೆ ಚಳವಳಿಗೇ ಮುಪ್ಪು ಬಂದಂತೆ ಕಾಣುತ್ತದೆ.

ಯುರೋಪಿನ ಸಂಶೋಧಕರು ಈ ಗೋಜಲನ್ನು ದೊಡ್ಡ ಪ್ರಮಾಣದಲ್ಲಿ ಎದುರಿಸಿದ್ದಾರೆ. 2003ರ ಫೆಬ್ರವರಿ 15ರಂದು ಇರಾಕ್ ಯುದ್ಧದ ವಿರುದ್ಧ ನಡೆದ ಮೆರವಣಿಗೆಗಳಲ್ಲಿ, ಎಂಟು ದೇಶಗಳಲ್ಲಿ, ನಡೆಯುತ್ತಿದ್ದವರ ಕೈಗೇ ಪ್ರಶ್ನಾವಳಿ ಕೊಟ್ಟು ಅಂಚೆಯಲ್ಲಿ ಉತ್ತರ ತರಿಸಿಕೊಂಡರು. ಒಂದು ದೇಶದ ಶಾಲಾ ಪದವಿ ಇನ್ನೊಂದರಲ್ಲಿಲ್ಲ, ಪಕ್ಷಗಳ ಹೆಸರೂ ಬೇರೆ. ಎಲ್ಲವನ್ನೂ ಹೋಲಿಸಬಲ್ಲ ಮೆಟ್ಟಿಲುಗಳಿಗೆ ಇಳಿಸಿದ ಮೇಲೆಯೇ ದೇಶ ದೇಶಗಳ ನಡುವೆ ಮಾತು ಸಾಧ್ಯವಾಯಿತು. ಮುಂದೆ ಬರ್ಟ್ ಕ್ಲಾಂಡರ್ಮನ್ಸ್, ಸ್ಟೀಫಾನ್ ವಾಲ್‌ಗ್ರೇವ್ ಮೊದಲಾದವರು ಎಲ್ಲ ದೇಶಕ್ಕೂ ಮೊದಲೇ ಒಂದೇ ನಮೂನೆಯ ಪ್ರಶ್ನಾವಳಿ ಕಟ್ಟಿಕೊಂಡರು. ಮೆರವಣಿಗೆಯಲ್ಲೇ ಕೆಲವರನ್ನು ಚುಟುಕಾಗಿ ಮಾತಾಡಿಸಿ, ಅಂಚೆಯಲ್ಲಿ ಉತ್ತರಿಸದವರು ಎಂಥವರು ಎಂಬುದನ್ನೂ ಲೆಕ್ಕಕ್ಕೆ ತಂದರು.

ಕರ್ನಾಟಕದಲ್ಲಿ ಹೀಗೆ ಉತ್ತರಗಳಿಗೆ ಹೊಸದಾಗಿ ಕೋಡ್ ಕೊಡುವ ಮರುಕೋಡಿಂಗ್ ಎಂಬುದು ಸಂಶೋಧಕರ ಕಂಪ್ಯೂಟರ್ ದಾಟಿ ಹೋರಾಟದ ವಸ್ತುವೇ ಆಯಿತು. ಪರಿಶಿಷ್ಟ ಜಾತಿಗಳ ಒಳಮೀಸಲಾತಿಗೆ ಜಾತಿವಾರು ಜನಸಂಖ್ಯೆ ಬೇಕಿತ್ತು. 2011ರ ಜನಗಣತಿ ಪರಿಶಿಷ್ಟ ಜಾತಿಯವರನ್ನು 1,04,74,992 ಎಂದು ಎಣಿಸಿತ್ತು. ಆದರೆ ಅದರಲ್ಲಿ ‘ಆದಿ ಕರ್ನಾಟಕ’, ‘ಆದಿ ದ್ರಾವಿಡ’, ‘ಆದಿ ಆಂಧ್ರ’ ಎಂದು ಬರೆಸಿದವರು ಎಡಗೈ ಸಮುದಾಯದವರೋ ಬಲಗೈ ಸಮುದಾಯದವರೋ ತಿಳಿಯುವಂತಿರಲಿಲ್ಲ. ಹಳೇ ಮೈಸೂರಿನಲ್ಲಿ ಎರಡೂ ಕಡೆಯವರು ‘ಆದಿ ಕರ್ನಾಟಕ’ ಪ್ರಮಾಣಪತ್ರ ಪಡೆದಿದ್ದಾರೆ. ಇರುವ ಅಂಕಿ ಸಾಲದು ಎಂದು ಒಳಮೀಸಲಾತಿ ಕುರಿತ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ಆಯೋಗ 2025ರ ಮಾರ್ಚ್‌ನ ಮಧ್ಯಂತರ ವರದಿಯಲ್ಲಿ ಹೇಳಿತು. ಮೇ 5ರಿಂದ ಮನೆಮನೆ ಸಮೀಕ್ಷೆ ನಡೆಯಿತು. ‘ಮೂಲ ಜಾತಿ ಬರೆಸಿ’ ಎಂದು ಸಂಘಟನೆಗಳ ಕಾರ್ಯಕರ್ತರು ಪ್ರಚಾರ ಮಾಡಿದರು.

ಆಗಸ್ಟ್ 4ರಂದು ಸಲ್ಲಿಕೆಯಾದ ವರದಿಯಲ್ಲಿ 27,24,768 ಕುಟುಂಬಗಳ 1,07,01,982 ಜನರ ಲೆಕ್ಕವಿತ್ತು. ಅಷ್ಟಾದರೂ 4,74,954 ಮಂದಿ ‘ಆದಿ’ ಹೆಸರಿನಾಚೆ ಏನನ್ನೂ ಹೇಳಿರಲಿಲ್ಲ. ಇವರನ್ನು ಆಯೋಗ ಎಡಕ್ಕೂ ಬಲಕ್ಕೂ ಸೇರಿಸದೆ ಐದನೆಯ ಪ್ರವರ್ಗದಲ್ಲಿಟ್ಟು ಶೇ 1 ಮೀಸಲಾತಿ ಸೂಚಿಸಿತು. ಆಗಸ್ಟ್ 19ರ ಸಂಪುಟ ಸಭೆ ಐದು ಪ್ರವರ್ಗಗಳನ್ನು ಮೂರಕ್ಕೆ ಇಳಿಸಿ ಶೇ 6, 6, 5ರಂತೆ ಮೀಸಲಾತಿ ಹಂಚಿತು. ‘ಆದಿ’ ಎಂದಷ್ಟೇ ಹೇಳಿದವರ ಪ್ರತ್ಯೇಕ ಪ್ರವರ್ಗ ಉಳಿಯಲಿಲ್ಲ.

2027ರ ಜನಗಣತಿಯಲ್ಲಿ ಜಾತಿಯನ್ನೂ ಎಣಿಸುವುದಾಗಿ ಕೇಂದ್ರ ಪ್ರಕಟಿಸಿದೆ. ಆ ಅಂಕಿಗಳನ್ನು ಆಯೋಗದ ಅಂಕಿಗಳ ಪಕ್ಕ ಇಡುವವರು ಮೊದಲು ಹುಡುಕಬೇಕಾದದ್ದು ಮೊತ್ತವನ್ನಲ್ಲ. ‘ಆದಿ ಕರ್ನಾಟಕ’ ಎಂದಷ್ಟೇ ಹೇಳಿದವರಿಗೆ ಪ್ರತಿ ಸಮೀಕ್ಷೆ ಯಾವ ಕೋಡ್ ಕೊಟ್ಟಿದೆ ಎಂಬ ಟಿಪ್ಪಣಿಯನ್ನು.