ಹೊಸ ಟ್ರ್ಯಾಕ್ಟರ್ ಕೆಟ್ಟಾಗ ಮನೆಯವರು ಮಾಡಬೇಕಾದದ್ದೇನು?

ಒಕ್ಕಲುತನದ ಮನೆಗೆ ಹೊಸ ಟ್ರ್ಯಾಕ್ಟರ್ ಬರುವುದೆಂದರೆ ದುಡಿಯುವ ಮಗನೊಬ್ಬ ಮನೆ ತುಂಬಿದಂತೆ. ಶಿವಮೊಗ್ಗದ ಷೋರೂಮಿನಿಂದ ಹೊರಟ ಯಂತ್ರವು ಭದ್ರಾವತಿ ತಾಲ್ಲೂಕಿನ ಹಳ್ಳಿಯನ್ನು ತಲುಪುವಷ್ಟರಲ್ಲಿ ಆರತಿಯ ತಟ್ಟೆ ಸಿದ್ಧವಾಗಿರುತ್ತದೆ. ಗಾಲಿಯ ಕೆಳಗೆ ನಿಂಬೆಹಣ್ಣು, ಬಾನೆಟ್ಟಿನ ಮೇಲೆ ವಿಭೂತಿ ಮತ್ತು ಹೂವಿನ ಹಾರ, ಕೇರಿಯ ಮಕ್ಕಳಿಗೆ ಸಕ್ಕರೆ, ಬಾಳೆಹಣ್ಣು. ಇವೆಲ್ಲವೂ ಆಗಬೇಕಾದದ್ದೇ. ಆದರೆ ಯಂತ್ರದ ಜೊತೆಯಲ್ಲಿ ಬಂದ ಕೈಪಿಡಿ, ವಾರಂಟಿ ಪತ್ರ, ಉಚಿತ ಸರ್ವಿಸಿನ ಕೂಪನ್ನುಗಳು ಎಲ್ಲಿವೆ ಎಂದು ಆರು ತಿಂಗಳ ಮೇಲೆ ಕೇಳಿದರೆ ಎಷ್ಟೋ ಮನೆಗಳಲ್ಲಿ ಉತ್ತರ ದೊರೆಯುವುದಿಲ್ಲ.

ಹೊಸದು ಕೆಡಲಾರದು ಎಂಬ ನಂಬಿಕೆಯೇ ಇದಕ್ಕೆ ಕಾರಣ. ವಾಸ್ತವದಲ್ಲಿ ಯಾವುದೇ ಯಂತ್ರಕ್ಕೆ ಎರಡು ಕಾಲಗಳಲ್ಲಿ ತೊಂದರೆ ಹೆಚ್ಚು. ಒಂದು ಅದರ ಎಳೆತನ, ಇನ್ನೊಂದು ಅದರ ಮುಪ್ಪು. ಎರಕದಲ್ಲಿ ಉಳಿದ ಕೊರತೆ, ಜೋಡಣೆಯಲ್ಲಿ ಸಡಿಲವಾಗಿ ಕುಳಿತ ಬೋಲ್ಟು, ಓರೆಯಾಗಿ ಕೂತ ಸೀಲು ಇವೆಲ್ಲ ಮೊದಲ ಕೆಲವು ನೂರು ಗಂಟೆಗಳ ದುಡಿಮೆಯಲ್ಲಿಯೇ ಹೊರಬೀಳುತ್ತವೆ. ಆಮೇಲೆ ಯಂತ್ರವು ಬಹುಕಾಲ ಸುಮ್ಮನೆ ದುಡಿಯುತ್ತದೆ. ಆದುದರಿಂದ ಹೊಸ ಟ್ರ್ಯಾಕ್ಟರಿನಲ್ಲಿ ದೋಷ ಕಾಣಿಸಿತೆಂದು ಎದೆಗುಂದಬೇಕಾಗಿಲ್ಲ. ಕಂಡ ದೋಷವನ್ನು ಕಾಲಕ್ಕೆ ಸರಿಯಾಗಿ ಬರೆಹದಲ್ಲಿ ದಾಖಲಿಸದೆ ಹೋದರೆ ಮಾತ್ರ ಮನೆಗೆ ಹಾನಿ ತಪ್ಪಿದ್ದಲ್ಲ. ಈ ಲೇಖನದಲ್ಲಿ ವಾಚಕರ ಮುಂದೆ ಇಡಬಯಸುವ ಮುಖ್ಯ ಮಾತು ಇದೊಂದೇ.

ನಾಲೆಯ ನೀರು ಯಾರಿಗೂ ಕಾಯುವುದಿಲ್ಲ

ಭದ್ರಾವತಿಯ ಸುತ್ತಲಿನ ಗದ್ದೆಗಳು ಲಕ್ಕವಳ್ಳಿಯ ಭದ್ರಾ ಜಲಾಶಯದ ನೀರನ್ನು ನಂಬಿವೆ. ನಾಲೆಗೆ ನೀರು ಬಿಟ್ಟೊಡನೆ ಎಲ್ಲರ ಗದ್ದೆಯೂ ಒಂದೇ ಸಲಕ್ಕೆ ಕೆಸರಾಗಬೇಕು, ಎಲ್ಲರ ಸಸಿಮಡಿಯೂ ಒಂದೇ ಸಲಕ್ಕೆ ನಾಟಿಗೆ ಬರುತ್ತದೆ. ಕೇಜ್ ವೀಲ್ ತೊಟ್ಟ ಟ್ರ್ಯಾಕ್ಟರುಗಳು ಹಗಲಿರುಳು ಕೆಸರಿನಲ್ಲಿ ದುಡಿಯುವ ಕಾಲವದು. ಅದೇ ವಾರದಲ್ಲಿ ಯಂತ್ರಗಳು ಕೆಡುವುದೂ ಹೆಚ್ಚು, ಡೀಲರರ ಮೆಕ್ಯಾನಿಕ್ಕುಗಳಿಗೆ ಬಿಡುವಿಲ್ಲದಿರುವುದೂ ಅದೇ ವಾರದಲ್ಲಿ. ಹತ್ತು ದಿನ ಯಂತ್ರ ನಿಂತರೆ ಹೋಗುವುದು ಹತ್ತು ದಿನದ ಬಾಡಿಗೆ ಮಾತ್ರವಲ್ಲ. ಬಲಿತ ಸಸಿ, ತಡವಾದ ನಾಟಿ, ಕುಗ್ಗಿದ ಇಳುವರಿ, ಅದರ ಬೆನ್ನಿಗೆ ಬ್ಯಾಂಕಿನ ಕಂತು. ಯಂತ್ರವು ಸಾಲಕ್ಕೆ ಒತ್ತೆಯಾಗಿರುವಾಗ ಅದು ಶೆಡ್ಡಿನಲ್ಲಿ ನಿಂತಿದ್ದರೂ ಬಡ್ಡಿ ನಿಲ್ಲುವುದಿಲ್ಲ. ವಿಮೆ ಇದೆಯಲ್ಲ ಎಂದು ಕೆಲವರು ಸಮಾಧಾನಪಟ್ಟುಕೊಳ್ಳುತ್ತಾರೆ. ಸಾಮಾನ್ಯ ವಾಹನ ವಿಮೆಯು ಅಪಘಾತ, ಕಳವು, ಬೆಂಕಿ ಮೊದಲಾದವುಗಳಿಗೆ ಅನ್ವಯಿಸುತ್ತದೆಯೇ ಹೊರತು ಯಂತ್ರದ ಒಳಗಿನ ಕೆಡುಕಿಗೆ ಅಲ್ಲ.

ಆದಕಾರಣ ಸಣ್ಣ ಸೋರಿಕೆಯನ್ನೂ ವಿಚಿತ್ರ ಸದ್ದನ್ನೂ ನಾಟಿಯ ಕಾಲಕ್ಕೆ ಮುಂಚಿತವಾಗಿಯೇ ಷೋರೂಮಿಗೆ ತಿಳಿಸಿ ಸರಿಪಡಿಸಿಕೊಳ್ಳುವುದು ಜಾಣತನ. ಈ ಸುಗ್ಗಿ ಮುಗಿಯಲಿ, ಆಮೇಲೆ ನೋಡೋಣ ಎಂದವರ ಪಾಲಿಗೆ ವಾರಂಟಿಯ ಅವಧಿ ಸದ್ದಿಲ್ಲದೆ ಕಳೆದುಹೋಗುತ್ತದೆ.

ಮೊದಲ ಐವತ್ತು ಗಂಟೆಗಳ ಪಥ್ಯ

ಟ್ರ್ಯಾಕ್ಟರಿನ ವಯಸ್ಸನ್ನು ಕಿಲೋಮೀಟರಿನಲ್ಲಿ ಅಳೆಯುವುದಿಲ್ಲ, ಗಂಟೆಗಳಲ್ಲಿ ಅಳೆಯುತ್ತಾರೆ. ಸಾಮಾನ್ಯವಾಗಿ ಐವತ್ತು ಗಂಟೆಗಳ ಸುಮಾರಿಗೆ ಮೊದಲ ಸರ್ವಿಸು. ಹೊಸ ಎಂಜಿನ್ನಿನ ಒಳಭಾಗಗಳು ಒಂದಕ್ಕೊಂದು ಉಜ್ಜಿ ಹೊಂದಿಕೊಳ್ಳುವಾಗ ಉದುರುವ ಸೂಕ್ಷ್ಮ ಲೋಹದ ಕಣಗಳು ಆಯಿಲ್ಲಿನಲ್ಲಿ ಸೇರಿರುತ್ತವೆ. ಅವನ್ನು ಹೊರಹಾಕುವುದು, ಸಡಿಲಗೊಂಡ ಬೋಲ್ಟುಗಳನ್ನು ಬಿಗಿಗೊಳಿಸುವುದು, ಕ್ಲಚ್ಚು ಬ್ರೇಕುಗಳ ಅಂತರವನ್ನು ಸರಿಪಡಿಸುವುದು ಈ ಸರ್ವಿಸಿನ ಉದ್ದೇಶ. ಇದನ್ನು ತಪ್ಪಿಸಿದವರು ಮುಂದೆ ವಾರಂಟಿಯ ಹಕ್ಕು ಕೇಳಿದಾಗ ಮೊದಲ ಆಕ್ಷೇಪಣೆ ಇಲ್ಲಿಂದಲೇ ಏಳುತ್ತದೆ. ಈ ಅವಧಿಯಲ್ಲಿ ತುಂಬಿದ ಟ್ರೇಲರನ್ನು ಏರುದಾರಿಯಲ್ಲಿ ಎಳೆಯಿಸುವುದಾಗಲಿ, ಎಂಜಿನ್ನನ್ನು ಉಸಿರುಗಟ್ಟುವಂತೆ ದುಡಿಸುವುದಾಗಲಿ ಸಲ್ಲದು. ಎಳೆಯ ಎತ್ತಿಗೆ ಮೊದಲ ವರ್ಷವೇ ಭಾರದ ಗಾಡಿ ಹೂಡದ ನಮ್ಮ ಹಿರಿಯರ ವಿವೇಕ ಇಲ್ಲಿಯೂ ಸಲ್ಲುತ್ತದೆ.

ಕೆಲವು ಲಕ್ಷಣಗಳನ್ನು ಮನೆಯವರೆಲ್ಲರೂ ಅರಿತಿರುವುದು ಒಳ್ಳೆಯದು. ಹೊಗೆ ಕಪ್ಪಾದರೆ ಭಾರ ಹೆಚ್ಚಾಗಿದೆ, ಇಲ್ಲವೆ ಗಾಳಿ ಸೋಸುವ ಫಿಲ್ಟರು ಕಟ್ಟಿಕೊಂಡಿದೆ. ಹೊಗೆ ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಹೈಡ್ರಾಲಿಕ್ ತೋಳು ರೋಟವೇಟರನ್ನು ಎತ್ತದಿದ್ದರೆ ಎಣ್ಣೆಯ ಮಟ್ಟ, ಫಿಲ್ಟರು, ಹಿಡಿಕೆಯ ಸ್ಥಾನ ಇವನ್ನು ಮೊದಲು ನೋಡಬೇಕು. ಎಂಜಿನ್ ಕಾಯುತ್ತಿದ್ದರೆ ರೇಡಿಯೇಟರಿನ ಜಾಲರಿಗೆ ಹುಲ್ಲುಹೊಟ್ಟು ಮೆತ್ತಿದೆಯೇ, ಫ್ಯಾನ್ ಬೆಲ್ಟು ಸಡಿಲವಾಗಿದೆಯೇ ಎಂದು ಪರೀಕ್ಷಿಸಬೇಕು. ಕೆಸರುಗದ್ದೆಯ ನಾಡಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಲಕ್ಷಣ ಇನ್ನೊಂದುಂಟು. ಗೇರ್ ಪೆಟ್ಟಿಗೆಯ ಎಣ್ಣೆ ಹಾಲು ಬೆರೆತಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಹೊಕ್ಕಿದೆ ಎಂದೇ ಅರ್ಥ. ಆಗ ಒಂದು ಗಂಟೆಯೂ ಯಂತ್ರವನ್ನು ಓಡಿಸದೆ ನಿಲ್ಲಿಸಿ, ಡೀಲರರಿಗೆ ತಿಳಿಸತಕ್ಕದ್ದು. ಸೀಲಿನ ದೋಷದಿಂದ ನೀರು ಹೊಕ್ಕಿತೋ, ಅಳತೆ ಮೀರಿದ ಆಳದ ಕೆಸರಿನಲ್ಲಿ ಇಳಿಸಿದ್ದರಿಂದ ಹೊಕ್ಕಿತೋ ಎಂಬುದೇ ಮುಂದೆ ವಿವಾದದ ತಿರುಳಾಗುತ್ತದೆ.

ಬಾಯಿಮಾತು ಸಾಲದು

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಐದೆಕರೆ ಗದ್ದೆಯ ರೈತರೊಬ್ಬರ ಹೊಸ ಟ್ರ್ಯಾಕ್ಟರಿನ ಹಿಂದಿನ ಅಚ್ಚಿನಲ್ಲಿ ಎಣ್ಣೆ ಸೋರುತ್ತದೆ. ಅವರು ಷೋರೂಮಿಗೆ ಫೋನು ಮಾಡುತ್ತಾರೆ. ಹುಡುಗನೊಬ್ಬ ಬೈಕಿನಲ್ಲಿ ಬಂದು ಬಿಗಿ ಮಾಡಿ ಹೋಗುತ್ತಾನೆ. ತಿಂಗಳು ಕಳೆದು ಮತ್ತೆ ಸೋರುತ್ತದೆ, ಮತ್ತೆ ಹುಡುಗ ಬರುತ್ತಾನೆ. ಹೀಗೆ ನಾಲ್ಕು ಬಾರಿ. ಕೊನೆಗೆ ಬೇರಿಂಗು ಒಡೆದು ಯಂತ್ರ ನಿಂತಾಗ ವಾರಂಟಿ ಮುಗಿದಿರುತ್ತದೆ. ನಾಲ್ಕು ಬಾರಿ ಹೇಳಿದ್ದೆನಲ್ಲ ಎಂದರೆ, ದಾಖಲೆ ಎಲ್ಲಿ ಎಂಬ ಪ್ರಶ್ನೆ ಬರುತ್ತದೆ. ಇಲ್ಲಿ ಯಾರೂ ಸುಳ್ಳು ಹೇಳಬೇಕಾಗಿಲ್ಲ. ಬಂದ ಹುಡುಗ ಕೆಲಸ ಬಿಟ್ಟು ಹೋಗಿರಬಹುದು, ಮ್ಯಾನೇಜರು ಬದಲಾಗಿರಬಹುದು. ಬರೆಯದೆ ಉಳಿದ ದೂರು ಹೇಳದೆ ಉಳಿದ ದೂರಿಗೆ ಸಮಾನ.

ಈ ಕಾರಣದಿಂದ ಪ್ರತಿ ದುರಸ್ತಿಗೂ ಜಾಬ್ ಕಾರ್ಡ್ ಮಾಡಿಸತಕ್ಕದ್ದು. ಅದರಲ್ಲಿ ದಿನಾಂಕ, ಗಂಟೆಯ ಮೀಟರಿನ ಅಂಕಿ, ರೈತನು ಹೇಳಿದ ತೊಂದರೆ, ಮಾಡಿದ ಕೆಲಸ, ಹಾಕಿದ ಬಿಡಿಭಾಗ ಇವಿಷ್ಟೂ ಇರಲೇಬೇಕು. ಸಾಮಾನ್ಯ ತಪಾಸಣೆ ಎಂದು ಬರೆದುಕೊಂಡರೆ ಸಹಿ ಹಾಕದೆ, ಹಿಂದಿನ ಎಡ ಅಚ್ಚಿನಲ್ಲಿ ಎಣ್ಣೆ ಸೋರಿಕೆ, ಮೂರನೆಯ ಬಾರಿ ಎಂದು ಸ್ಪಷ್ಟವಾಗಿ ಬರೆಯಿಸಬೇಕು. ಪ್ರತಿಯನ್ನು ಕೇಳಿ ಪಡೆಯಬೇಕು. ಯಂತ್ರವನ್ನು ಹಿಂದಕ್ಕೆ ತರುವ ಮುನ್ನ ಖಾಲಿ ಓಡಿಸಿ ನೋಡಿದರೆ ಸಾಲದು. ಯಾವ ಭಾರದಲ್ಲಿ ತೊಂದರೆ ಕಂಡಿತ್ತೋ ಅದೇ ಭಾರದಲ್ಲಿ ನೋಡಬೇಕು. ಸೋರಿಕೆಯ ಚಿತ್ರವನ್ನೂ ಮೀಟರಿನ ಚಿತ್ರವನ್ನೂ ಮೊಬೈಲಿನಲ್ಲಿ ತೆಗೆದು ಷೋರೂಮಿನವರಿಗೆ ಕಳುಹಿಸಿದರೆ ದಿನಾಂಕವು ತಾನಾಗಿ ದಾಖಲಾಗುತ್ತದೆ. ಇದಕ್ಕೆಲ್ಲ ಒಂದು ಎರಡು ನೂರು ಪುಟದ ಪುಸ್ತಕ ಸಾಕು. ಯಜಮಾನರು ಹೊಲದಲ್ಲಿರುವಾಗ ಮನೆಯ ಸೊಸೆಯಾಗಲಿ ಕಾಲೇಜಿಗೆ ಹೋಗುವ ಮಗಳಾಗಲಿ ಈ ಪುಸ್ತಕವನ್ನು ಇಟ್ಟುಕೊಂಡರೆ ಹಾಲಿನ ಲೆಕ್ಕದಷ್ಟೇ ಅಚ್ಚುಕಟ್ಟಾಗಿ ಇದೂ ನಡೆಯುತ್ತದೆ.

ವಾರಂಟಿಯ ಒಳಗೆ, ಹೊರಗೆ

ವಾರಂಟಿಯೆಂದರೆ ಎಲ್ಲವೂ ಉಚಿತ ಎಂದಲ್ಲ. ಇಷ್ಟು ವರ್ಷ ಅಥವಾ ಇಷ್ಟು ಗಂಟೆ, ಯಾವುದು ಮೊದಲೋ ಅಲ್ಲಿಗೆ ಅದು ಮುಗಿಯುತ್ತದೆ. ಬಾಡಿಗೆಗೆ ಹಗಲಿರುಳು ಓಡಿಸುವವರಿಗೆ ಗಂಟೆಗಳೇ ಮೊದಲು ಮುಗಿಯುತ್ತವೆ. ಕ್ಲಚ್ ಪ್ಲೇಟು, ಬ್ರೇಕಿನ ಪಟ್ಟಿ, ಫಿಲ್ಟರು, ಬೆಲ್ಟು, ಎಣ್ಣೆ ಮೊದಲಾದ ಸವೆಯುವ ವಸ್ತುಗಳು ಸಾಮಾನ್ಯವಾಗಿ ಅದರ ಹೊರಗೆ. ಟೈರು, ಬ್ಯಾಟರಿಗಳಿಗೆ ಅವುಗಳನ್ನು ತಯಾರಿಸಿದವರದೇ ಪ್ರತ್ಯೇಕ ವಾರಂಟಿ. ಡೀಸೆಲ್ ಪಂಪಿನ ಸೀಲನ್ನು ಹೊರಗಿನವರು ಒಡೆದರೆ ಪಂಪಿನ ಹಕ್ಕು ಹೋಯಿತೆಂದೇ ತಿಳಿಯಬೇಕು.

ಭದ್ರಾವತಿಯವರು ಇಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕಾದದ್ದುಂಟು. ಮೈಸೂರು ಸಂಸ್ಥಾನದ ಕಾಲದಲ್ಲಿ, 1923ರಲ್ಲಿ, ಕಬ್ಬಿಣದ ಉತ್ಪಾದನೆ ಆರಂಭಿಸಿದ ಕಾರ್ಖಾನೆಯ ಊರಿದು. ಲೇತು, ವೆಲ್ಡಿಂಗು ಬಲ್ಲ ಕೈಗಳಿಗೆ ಇಲ್ಲಿ ಬರವಿಲ್ಲ. ಶಿವಮೊಗ್ಗದಿಂದ ಮೆಕ್ಯಾನಿಕ್ ಬರುವವರೆಗೆ ಏಕೆ ಕಾಯಬೇಕು, ಇಲ್ಲಿಯೇ ಒಂದು ಬೆಸುಗೆ ಹಾಕಿಸೋಣ ಎನ್ನುವುದು ಸಹಜ. ವಾರಂಟಿ ಮುಗಿದ ಯಂತ್ರಕ್ಕೆ ಆ ಕೈಗಳೇ ದೊಡ್ಡ ಆಸರೆ. ಆದರೆ ವಾರಂಟಿಯಲ್ಲಿರುವ ಯಂತ್ರಕ್ಕೆ ಹೊರಗಿನ ಒಂದು ಬೆಸುಗೆ ಬಿದ್ದರೂ ಕಂಪನಿಗೆ ಜಾರಿಕೊಳ್ಳಲು ದಾರಿ ದೊರೆಯುತ್ತದೆ. ಅಲ್ಲದೆ 2023ರ ಜನವರಿ 1ರಿಂದ 50 ಅಶ್ವಶಕ್ತಿ ಮೀರಿದ ಟ್ರ್ಯಾಕ್ಟರುಗಳಿಗೆ ಹೊಸ ಹೊಗೆ ನಿಯಮ ಜಾರಿಗೆ ಬಂದಿದ್ದು, ಅಂತಹ ಎಂಜಿನ್ನುಗಳಲ್ಲಿ ಇಂಧನವನ್ನು ಎಲೆಕ್ಟ್ರಾನಿಕ್ ವ್ಯವಸ್ಥೆ ನಿಯಂತ್ರಿಸುವುದು ಸಾಮಾನ್ಯವಾಗಿದೆ. ಕಿವಿಯಿಂದ ಸದ್ದು ಕೇಳಿ ರೋಗ ಹೇಳುವ ಕಾಲ ಇಂತಹ ಯಂತ್ರಗಳ ಮಟ್ಟಿಗೆ ಮುಗಿಯುತ್ತ ಬಂದಿದೆ.

ಮಾತಿಗೆ ಬಗ್ಗದಿದ್ದರೆ

ಒಂದೇ ದೋಷ ಮತ್ತೆ ಮತ್ತೆ ಮರುಕಳಿಸಿದರೆ ಡೀಲರರೊಡನೆ ಜಗಳವಾಡಿ ಫಲವಿಲ್ಲ. ಯಂತ್ರ ತಯಾರಿಸಿದ ಕಂಪನಿಗೆ ನೇರವಾಗಿ ಕಾಗದ ಬರೆದು, ಜಾಬ್ ಕಾರ್ಡುಗಳ ನಕಲು ಸೇರಿಸಿ, ತಲುಪಿದ್ದಕ್ಕೆ ರುಜುವಾತು ಸಿಗುವ ಅಂಚೆಯಲ್ಲಿ ಕಳುಹಿಸಬೇಕು. ಎಷ್ಟೋ ಪ್ರಕರಣಗಳು ಇಲ್ಲಿಯೇ ಮುಗಿಯುತ್ತವೆ. ಏಕೆಂದರೆ ದೊಡ್ಡ ಭಾಗವನ್ನು ಬದಲಿಸುವ ಅಧಿಕಾರ ಅನೇಕ ವೇಳೆ ಡೀಲರರ ಕೈಯಲ್ಲಿ ಇರುವುದಿಲ್ಲ. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ ದೂರು ಹೇಳಬಹುದು.

ಅದೂ ಫಲಿಸದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗವಿದೆ. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಸ್ಥಾನದಲ್ಲಿ 2019ರ ಕಾಯಿದೆಯು 2020ರ ಜುಲೈ 20ರಿಂದ ಜಾರಿಗೆ ಬಂದಿತು. ಇದರಂತೆ ಕಂಪನಿಯ ಕಚೇರಿ ಯಾವ ಊರಿನಲ್ಲಿದ್ದರೂ ರೈತನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ವ್ಯಾಜ್ಯದ ಕಾರಣ ಉಂಟಾದ ಎರಡು ವರ್ಷಗಳೊಳಗೆ ದೂರು ಸಲ್ಲಬೇಕು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವಿಲ್ಲ. 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400 ರೂಪಾಯಿ. ವಕೀಲರನ್ನು ಇಡಲೇಬೇಕೆಂಬ ನಿರ್ಬಂಧವಿಲ್ಲ. ಡೀಲರ್ ಮತ್ತು ತಯಾರಕ ಇಬ್ಬರನ್ನೂ ಪ್ರತಿವಾದಿಗಳನ್ನಾಗಿ ಮಾಡುವುದು ಕ್ಷೇಮ.

ಬೇಸಾಯದ ಯಂತ್ರ ಕೊಂಡವನು ವ್ಯಾಪಾರಿಯಲ್ಲವೇ ಎಂಬ ವಾದವೂ ಬರುತ್ತದೆ. ಲಕ್ಷ್ಮೀ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿಯೇ ಇದನ್ನು ವಿವರಿಸಿದೆ. ತನ್ನ ಜೀವನೋಪಾಯಕ್ಕಾಗಿ ಯಂತ್ರ ಕೊಂಡು ತಾನೇ ದುಡಿಯುವವನು, ಒಬ್ಬಿಬ್ಬರ ಸಹಾಯ ಪಡೆದರೂ, ಗ್ರಾಹಕನೇ ಹೌದು. ಪೂರ್ತಿಯಾಗಿ ಬೇರೆಯವರಿಂದ ನಡೆಸಿ ಲಾಭ ಗಳಿಸಲೆಂದೇ ಕೊಂಡವನಿಗೆ ಆ ರಕ್ಷಣೆ ಇಲ್ಲ. ಇನ್ನೊಂದು ಮಾತನ್ನೂ ನೆನಪಿಡಬೇಕು. ಕಾರೊಂದರ ಪ್ರಕರಣದಲ್ಲಿ ಅದೇ ನ್ಯಾಯಾಲಯವು 2006ರಲ್ಲಿ, ವಾರಂಟಿಯು ದೋಷವಿರುವ ಭಾಗದ ಬದಲಾವಣೆಗೆ ಮಾತ್ರ ಬದ್ಧವಾಗಿರುವಾಗ ಇಡೀ ವಾಹನವನ್ನೇ ಬದಲಿಸಿಕೊಡಲು ಆದೇಶಿಸಲಾಗದೆಂದು ತೀರ್ಮಾನಿಸಿತು. ಆದುದರಿಂದ ಹೊಸ ಟ್ರ್ಯಾಕ್ಟರೇ ಬೇಕು ಎಂದು ಹಟ ಹಿಡಿಯುವುದಕ್ಕಿಂತ, ತಯಾರಿಕೆಯ ದೋಷವನ್ನು ತಜ್ಞರ ವರದಿಯಿಂದ ತೋರಿಸಿ, ಭಾಗದ ಬದಲಾವಣೆ ಮತ್ತು ನಷ್ಟ ಪರಿಹಾರ ಕೇಳುವುದು ಹೆಚ್ಚು ಫಲಕಾರಿ. ಪರೀಕ್ಷೆಗೆ ಕಳುಹಿಸುವ ಅಧಿಕಾರ ಆಯೋಗಕ್ಕೂ ಉಂಟು.

ಕೊಳ್ಳುವ ಮುನ್ನವೇ ವಿಚಾರ

ಈ ಎಲ್ಲ ಪ್ರಯಾಸದ ಅರ್ಧಭಾಗವನ್ನು ಕೊಳ್ಳುವ ಮೊದಲೇ ತಪ್ಪಿಸಬಹುದು. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆಯು ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ವರದಿ ಕೊಡುತ್ತದೆ. ಪರೀಕ್ಷೆಯ ವೇಳೆ ಏನೇನು ಕೆಟ್ಟಿತೆಂಬುದೂ ಅದರಲ್ಲಿ ದಾಖಲಾಗಿರುತ್ತದೆ. ಡೀಲರರನ್ನು ಆ ವರದಿ ಕೇಳುವುದರಲ್ಲಿ ಸಂಕೋಚ ಬೇಡ. ಬಿಡಿಭಾಗಗಳು ಭದ್ರಾವತಿಯಲ್ಲಿಯೇ ಸಿಗುತ್ತವೆಯೇ, ನಾಟಿಯ ಕಾಲದಲ್ಲಿ ಹಳ್ಳಿಗೆ ಬರುವ ಮೆಕ್ಯಾನಿಕ್ಕುಗಳು ಎಷ್ಟು ಮಂದಿ ಎಂಬುದನ್ನು ಅದೇ ಯಂತ್ರ ಕೊಂಡ ನೆರೆಯವರಿಂದ ವಿಚಾರಿಸಬೇಕು. 1971ರಿಂದ ಟ್ರ್ಯಾಕ್ಟರ್ ತಯಾರಿಸಿ ರೈತರ ವಿಶ್ವಾಸ ಗಳಿಸಿದ್ದ ಎಚ್.ಎಂ.ಟಿ.ಯ ಆ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಯಂತ್ರ ಎಷ್ಟು ಗಟ್ಟಿ ಎಂಬುದರಷ್ಟೇ, ಅದರ ಬೆನ್ನಿಗೆ ನಿಲ್ಲುವವರು ಎಷ್ಟು ಕಾಲ ಇರುವರೆಂಬುದೂ ಮುಖ್ಯವಷ್ಟೆ.

ಡೀಲರರನ್ನು ಶತ್ರುಗಳೆಂದು ಭಾವಿಸಬೇಕಾಗಿಲ್ಲ. ಮೆಕ್ಯಾನಿಕ್ಕನದೂ ಕಾಯಕವೇ, ಕೆಸರಿನ ಗದ್ದೆಗೆ ಇಳಿದು ಬಿಸಿಲಿನಲ್ಲಿ ಅವನು ಪಡುವ ಶ್ರಮಕ್ಕೆ ಒಂದು ಲೋಟ ಮಜ್ಜಿಗೆ ಕೊಟ್ಟು ಗೌರವಿಸುವುದು ನಮ್ಮ ಮನೆಗಳ ಪದ್ಧತಿ. ಮಜ್ಜಿಗೆಯನ್ನೂ ಕೊಡೋಣ, ಜಾಬ್ ಕಾರ್ಡಿಗೆ ಸಹಿಯನ್ನೂ ಪಡೆಯೋಣ. ಸ್ನೇಹವೂ ಲೆಕ್ಕವೂ ಜೊತೆಜೊತೆಯಾಗಿ ಸಾಗಿದ ಮನೆಯಲ್ಲಿ ಯಂತ್ರ ಕೆಟ್ಟರೂ ಸಂಸಾರ ಕೆಡುವುದಿಲ್ಲ.